ಒಂದೇ ದಫ್ತರ, ಅನೇಕ ಸರ್ವರುಗಳು

ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿಗೆ ಸೇರಿದ ಕಾಸಾರಶಿರಸಿಯಲ್ಲಿ, ಮನೆಯೊಳಗೆ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತ, ಹಿಂದಿನ ತಲೆಮಾರಿನ ಉರ್ದು ಕಾಗದಪತ್ರಗಳನ್ನು ತಡವರಿಸಿಯಾದರೂ ಓದಿ ಅರ್ಥ ಹೇಳುತ್ತ, ತಲಾಠಿಯ, ಎಂದರೆ ಗ್ರಾಮಲೆಕ್ಕಿಗನ, ಉದ್ಯೋಗದಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿ ಈಗ ನಿವೃತ್ತರಾಗಿರುವ ಹಿರಿಯರೊಬ್ಬರಿಗೂ, ಅದೇ ಸೀಮೆಯ ಮೂರು ನಾಲ್ಕು ಊರುಗಳಲ್ಲಿ ಕಾಲೇಜುಗಳನ್ನು ನಡೆಸುವ ಒಂದು ಶಿಕ್ಷಣಸಂಸ್ಥೆಯಲ್ಲಿ ಗಣಕಯಂತ್ರಗಳ ಮೇಲ್ವಿಚಾರಣೆ ಮಾಡುವ ಅವರ ಅಣ್ಣನ ಮಗನಿಗೂ ನಡೆದ ಮಾತುಕತೆಯನ್ನು, ಪಕ್ಕದಲ್ಲಿ ಕುಳಿತು ಕೇಳಿದವನಾದ ನಾನು ಇಲ್ಲಿ ಬರೆದಿಟ್ಟಿದ್ದೇನೆ. ಆಡುಮಾತನ್ನು ಗ್ರಂಥಸ್ಥ ಭಾಷೆಗೆ ತಿರುಗಿಸಿದ ಅಪರಾಧ ನನ್ನದು, ಅಭಿಪ್ರಾಯಗಳು ಅವರವರವೇ.

ಹಿರಿಯರು: ಸಂಸ್ಥೆಯವರು ನಿನಗೆ ದೊಡ್ಡದೊಂದು ಕೆಲಸವನ್ನು ಒಪ್ಪಿಸಿದ್ದಾರೆಂದು ಅಣ್ಣ ಹೇಳುತ್ತಿದ್ದ. ಅದೇನೆಂಬುದನ್ನು ನನಗೆ ತಿಳಿಯುವಂತೆ ಹೇಳು. ತಿಳಿಯದಿದ್ದಲ್ಲಿ ನಾನೇ ತಡೆದು ಕೇಳುತ್ತೇನೆ.

ಕಿರಿಯ: ದೊಡ್ಡದಲ್ಲ, ಕಾಕಾ, ತೊಡಕಿನದು. ನಮ್ಮಲ್ಲಿ ಪ್ರವೇಶದ ಅರ್ಜಿಗಳಿಗೆ ಒಂದು ವೆಬ್ ಸರ್ವರ್ ಇದೆ, ಅಂಕಗಳಿಗೆ ಒಂದು, ಗ್ರಂಥಾಲಯಕ್ಕೆ ಒಂದು, ವಸತಿಗೃಹಕ್ಕೆ ಒಂದು, ನೌಕರರ ಪಗಾರಚೀಟಿಗೆ ಮತ್ತೊಂದು. ಇವು ಒಂದೇ ಕಾಲದಲ್ಲಿ ಬಂದವಲ್ಲ. ಯಾವ ವರ್ಷ ಯಾವುದಕ್ಕೆ ಹಣ ಒದಗಿತೋ ಆ ವರ್ಷ ಅದು ಬಂದಿತು. ಬಂದದ್ದೇ ತನ್ನ ಬಳಕೆದಾರರ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಕುಳಿತಿತು. ಹೀಗಾಗಿ ಒಬ್ಬನೇ ಪ್ರಾಧ್ಯಾಪಕನ ಹೆಸರು ಐದು ಕಡೆ ಐದು ಪಾಸ್‌ವರ್ಡುಗಳೊಡನೆ ನಿಂತಿದೆ. ಕೆಲವೆಡೆ ಆ ಪಟ್ಟಿ ಡೇಟಾಬೇಸಿನ ಒಂದು ಕೋಷ್ಟಕ. ಕೆಲವೆಡೆ, ಅಪಾಚೆ ಎಂಬ ವೆಬ್ ಸರ್ವರಿನ ಪಕ್ಕದಲ್ಲಿ ಯಾರೋ ಎಂದೋ ಬರೆದಿಟ್ಟ ಒಂದು ಸಣ್ಣ ಫೈಲು. ಇವೆಲ್ಲವನ್ನೂ ತೆಗೆದು, ‘ಈತನು ಯಾರು?’ ಎಂಬ ಪ್ರಶ್ನೆಗೆ ಎಲ್ಲ ಸರ್ವರುಗಳೂ ಒಂದೇ ಕಡೆಯಿಂದ ಉತ್ತರ ಪಡೆಯುವಂತೆ ಮಾಡಬೇಕಾಗಿದೆ.

ಹಿರಿಯರು: ಒಂದು ಗ್ರಾಮ, ಐವರು ತಲಾಠಿಗಳು, ಐದು ದಫ್ತರ! ಒಂದರಲ್ಲಿ ಫೇರ್‌ಫಾರ, ಎಂದರೆ ಹಕ್ಕಿನ ಬದಲಾವಣೆಯ ದಾಖಲು, ಆದದ್ದು ಉಳಿದ ನಾಲ್ಕಕ್ಕೆ ತಿಳಿಯುವ ಬಗೆ ಹೇಗೆ?

ಕಿರಿಯ: ತಿಳಿಯುವುದಿಲ್ಲ, ಕಷ್ಟವೆಲ್ಲ ಅದೇ. ಕೆಲಸ ಬಿಟ್ಟುಹೋದ ಒಬ್ಬ ಕಾರಕೂನನ ಹೆಸರನ್ನು ನಾಲ್ಕು ಸರ್ವರುಗಳಿಂದ ತೆಗೆದರು, ಐದನೆಯದರಲ್ಲಿ ಮರೆತರು. ಆತನು ಸಜ್ಜನನಾದ್ದರಿಂದ ಏನೂ ಕೆಡಲಿಲ್ಲ. ಆದರೆ ನೌಕರರ ಸಜ್ಜನಿಕೆಯನ್ನೇ ನಂಬಿಕೊಂಡು ಅಂಕಗಳ ಕಡತವನ್ನು ತೆರೆದಿಡುವುದು ಯುಕ್ತವಲ್ಲವೆಂದು ನಾನು ಹೇಳಿದೆ. ಹೇಳಿದವನ ಕೊರಳಿಗೇ ಕೆಲಸ ಬಿತ್ತು.

ಹಿರಿಯರು: ಹೇಳಿದವನಿಗೇ ಬೀಳುವುದು ಎಲ್ಲ ಕಚೇರಿಗಳ ಸಂಪ್ರದಾಯ. ಇರಲಿ; ಒಂದೇ ದಫ್ತರ ಮಾಡಬೇಕೆಂಬ ಬುದ್ಧಿ ಜಗತ್ತಿಗೆ ಈಗ ಹುಟ್ಟಿತೆ?

ಕಿರಿಯ: ಬಹಳ ಹಿಂದೆಯೇ ಹುಟ್ಟಿತು. ದೂರವಾಣಿ ಮತ್ತು ತಂತಿ ಇಲಾಖೆಗಳ ಅಂತಾರಾಷ್ಟ್ರೀಯ ಸಮಿತಿಯವರೂ ಮಾನಕಸಂಸ್ಥೆಯವರೂ ಕೂಡಿ 1988ರಲ್ಲಿ ಎಕ್ಸ್.500 ಎಂಬ ಹೆಸರಿನಿಂದ, ಭೂಮಂಡಲದ ಸಕಲ ವ್ಯಕ್ತಿಗಳೂ ಸಂಸ್ಥೆಗಳೂ ಒಂದೇ ವೃಕ್ಷದ ಕೊಂಬೆರೆಂಬೆಗಳಲ್ಲಿ ಸೇರಿಕೊಳ್ಳುವಂತಹ ಒಂದು ಡೈರೆಕ್ಟರಿಯ ನಿಯಮಾವಳಿಯನ್ನು ರಚಿಸಿದರು. ರಚನೆ ಘನವಾದದ್ದೇ, ಆದರೆ ಅದನ್ನು ಹೊರಲು ಅಂದಿನ ಸಾಮಾನ್ಯ ಗಣಕಗಳಿಗೆ ಶಕ್ತಿ ಸಾಲದು. ಆಗ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದ ಟಿಮ್ ಹೌಸ್ ಮತ್ತು ಅವರ ಸಂಗಡಿಗರು, ಆ ಭಾರವನ್ನೆಲ್ಲ ಇಳಿಸಿ, ಇಂಟರ್ನೆಟ್ಟಿನ ಸಾಧಾರಣ ಸಂಪರ್ಕದ ಮೇಲೆಯೇ ಡೈರೆಕ್ಟರಿಯನ್ನು ಕೇಳಿ ಉತ್ತರ ಪಡೆಯುವ ಹಗುರವಾದ ಒಂದು ವಿಧಾನವನ್ನು ಮಾಡಿದರು. ಎಲ್‌ಡ್ಯಾಪ್ ಎಂದು ಅದರ ಹೆಸರು. ಅದರ ಮೊದಲ ನಿಯಮಪತ್ರ ಪ್ರಕಟವಾದದ್ದು 1993ರ ಜುಲೈಯಲ್ಲಿ.

ಹಿರಿಯರು: 1993ರ ಜುಲೈ. ಅದಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಿಲ್ಲಾರಿಯ ಭೂಕಂಪ. ನಾನು ಆಗ ನೌಕರಿಯಲ್ಲಿದ್ದೆ. ಸತ್ತವರ ಪಟ್ಟಿ, ಉಳಿದವರ ಪಟ್ಟಿ, ಮನೆ ಬಿದ್ದವರ ಪಟ್ಟಿ, ತಗಡಿನ ಶೆಡ್ಡು ಕೊಟ್ಟವರ ಪಟ್ಟಿ: ಒಂದೊಂದು ಇಲಾಖೆಗೆ ಒಂದೊಂದು. ಸತ್ತವರ ಪಟ್ಟಿಯಲ್ಲಿದ್ದ ಮನುಷ್ಯನೇ ಬಂದು ಶೆಡ್ಡಿನ ಪಟ್ಟಿಗೆ ಹೆಬ್ಬೆಟ್ಟು ಒತ್ತಿ ಹೋದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಒಂದೇ ದಫ್ತರ ಏಕೆ ಬೇಕೆಂಬುದನ್ನು ನನಗೆ ವಿವರಿಸಬೇಡ. ಸರ್ವರು ಆ ದಫ್ತರವನ್ನು ಕೇಳುವ ಬಗೆ ಹೇಗೆ, ಅದನ್ನು ಹೇಳು.

ಕಿರಿಯ: ಎರಡು ಹೆಜ್ಜೆಗಳು. ಬಳಕೆದಾರನು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಗ್ರಂಥಾಲಯದ ಸರ್ವರಿಗೆ ಕೊಡುತ್ತಾನೆಂದು ಇಟ್ಟುಕೊಳ್ಳಿ. ಸರ್ವರು ಮೊದಲು, ತನಗಾಗಿಯೇ ನಿಯಮಿಸಿರುವ, ಓದುವುದಕ್ಕೆ ಮಾತ್ರ ಅಧಿಕಾರವಿರುವ ಒಂದು ಹೆಸರಿನಿಂದ ಡೈರೆಕ್ಟರಿಗೆ ಹೋಗಿ, ‘ಈ ಹೆಸರಿನವರು ನಿಮ್ಮಲ್ಲಿ ಇದ್ದಾರೆಯೇ?’ ಎಂದು ಶೋಧಿಸುತ್ತದೆ. ಸರಿಯಾಗಿ ಒಂದೇ ದಾಖಲೆ ದೊರೆತರೆ ಮಾತ್ರ ಮುಂದಿನ ಹೆಜ್ಜೆ. ಒಂದೂ ದೊರೆಯದಿದ್ದರೆ ಪ್ರವೇಶವಿಲ್ಲ, ಎರಡು ದೊರೆತರೂ ಇಲ್ಲ. ಅಪಾಚೆಯ ಎಲ್‌ಡ್ಯಾಪ್ ಮಾಡ್ಯೂಲಿನಲ್ಲಿ ಇದು ಕಟ್ಟುನಿಟ್ಟಾದ ನಿಯಮ.

ಹಿರಿಯರು: ಎರಡು ದೊರೆತರೆ ಮೊದಲನೆಯದನ್ನು ಹಿಡಿದು ಕೆಲಸ ಸಾಗಿಸುವುದಿಲ್ಲವಲ್ಲ? ಹಾಗಿದ್ದರೆ ಅದು ನಮ್ಮ ಕೆಲವು ಕಚೇರಿಗಳಿಗಿಂತ ಮೇಲು.

ಕಿರಿಯ: ಆ ಬಳಿಕ ಎರಡನೆಯ ಹೆಜ್ಜೆ. ದೊರೆತ ದಾಖಲೆಯ ಪೂರ್ಣನಾಮವನ್ನೂ ಬಳಕೆದಾರನು ಕೊಟ್ಟ ಪಾಸ್‌ವರ್ಡನ್ನೂ ಸೇರಿಸಿ, ಆತನೇ ಬಂದನೋ ಎಂಬಂತೆ ಸರ್ವರು ಡೈರೆಕ್ಟರಿಯನ್ನು ಮತ್ತೊಮ್ಮೆ ಪ್ರವೇಶಿಸಲು ಯತ್ನಿಸುತ್ತದೆ. ಇದಕ್ಕೆ ಬೈಂಡ್ ಎನ್ನುತ್ತಾರೆ. ಡೈರೆಕ್ಟರಿ ಒಪ್ಪಿಕೊಂಡರೆ ಮನುಷ್ಯ ನಿಜ, ಒಪ್ಪದಿದ್ದರೆ ಸುಳ್ಳು.

ಹಿರಿಯರು: ಇಷ್ಟು ಸುತ್ತೇಕೆ? ಮೊದಲನೆಯ ಶೋಧದಲ್ಲಿಯೇ ದಾಖಲೆ ಕೈಗೆ ಬಂತಲ್ಲ. ಅದರಲ್ಲಿ ಪಾಸ್‌ವರ್ಡೂ ಇದ್ದೀತು. ಓದಿಕೊಂಡು ತಾನೇ ಹೋಲಿಸಿ ನೋಡಬಾರದೆ?

ಕಿರಿಯ: ಕೂಡದು. ದಫ್ತರವನ್ನು ಕೇಳುವ ಅಧಿಕಾರವೇ ಬೇರೆ, ದಫ್ತರದ ಗುಟ್ಟನ್ನು ಓದುವ ಅಧಿಕಾರವೇ ಬೇರೆ. ಡೈರೆಕ್ಟರಿಯಲ್ಲಿ ಪಾಸ್‌ವರ್ಡು ಇದ್ದ ರೂಪದಲ್ಲಿಯೇ ಇರುವುದಿಲ್ಲ. ಅದಕ್ಕೆ ಬೇರೊಂದು ಯಾದೃಚ್ಛಿಕ ಅಂಶವನ್ನು ಬೆರೆಸಿ, ಹಿಂದಕ್ಕೆ ತಿರುಗಿಸಲಾಗದ ಒಂದು ಗಣಿತಕ್ರಿಯೆಗೆ ಒಳಪಡಿಸಿ, ಬಂದ ಫಲವನ್ನಷ್ಟೇ ಇಟ್ಟಿರುತ್ತಾರೆ. ಆ ಫಲವನ್ನು ಕೂಡ ಯಾವ ವೆಬ್ ಸರ್ವರಿಗೂ ತೋರಿಸತಕ್ಕದ್ದಲ್ಲ. ನಾನು ಹಾಕುತ್ತಿರುವುದು ಓಪನ್‌ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ತಂತ್ರಾಂಶ. ಅದರಲ್ಲಿ ಪಾಸ್‌ವರ್ಡಿನ ಅಂಶಕ್ಕೆ ಓದುವ ಅನುಮತಿಯನ್ನು ಯಾರಿಗೂ ಕೊಡದೆ, ಪರೀಕ್ಷಿಸಿ ಹೌದು ಅಲ್ಲ ಎನ್ನುವ ಅನುಮತಿಯನ್ನು ಮಾತ್ರ ಕೊಡಬಹುದು. ಒಂದು ಸರ್ವರು ಕಳ್ಳರ ಕೈವಶವಾದರೂ ಸಮಸ್ತರ ಪಾಸ್‌ವರ್ಡುಗಳ ಕಟ್ಟನ್ನು ಹೊತ್ತೊಯ್ಯಲು ಅದರಿಂದ ಸಾಧ್ಯವಾಗದು.

ಹಿರಿಯರು: ನಕಲು ಕೊಡಬೇಡ, ಪ್ರಶ್ನೆಗೆ ಉತ್ತರ ಕೊಡು ಎಂದಂತಾಯಿತು. ಒಳ್ಳೆಯದು. ಪಾಸ್‌ವರ್ಡನ್ನು ಏನೂ ಬರೆಯದೆ ಬರಿದಾಗಿ ಬಿಟ್ಟು ಹೋದವನ ಗತಿಯೇನು?

ಕಿರಿಯ: ಈ ಪ್ರಶ್ನೆ ನಿಮಗೆ ಹೇಗೆ ಹೊಳೆಯಿತೋ ತಿಳಿಯದು, ಅನುಭವಸ್ಥರಿಗೂ ಹೊಳೆಯದ ಸ್ಥಳವದು. ಎಲ್‌ಡ್ಯಾಪ್ ನಿಯಮಗಳಲ್ಲಿ, ಹೆಸರು ಹೇಳಿ ಪಾಸ್‌ವರ್ಡನ್ನು ಖಾಲಿ ಬಿಟ್ಟು ಬಂದವನನ್ನು ಅನಾಮಧೇಯನೆಂದು ಎಣಿಸಿ ಒಳಗೆ ಬಿಡುವ ಪದ್ಧತಿಯೊಂದು ಇದೆ. ಡೈರೆಕ್ಟರಿಯ ಮಟ್ಟಿಗೆ ಅದು ನಿರಪಾಯ, ಏಕೆಂದರೆ ಅನಾಮಧೇಯನಿಗೆ ಸಲ್ಲುವುದಕ್ಕಿಂತ ಹೆಚ್ಚೇನೂ ಅಲ್ಲಿ ಸಿಕ್ಕದು. ಆದರೆ ಕೇಳಿದ ವೆಬ್ ಸರ್ವರು ಆ ಒಪ್ಪಿಗೆಯನ್ನೇ ಪ್ರಮಾಣವೆಂದು ತಿಳಿದರೆ, ಪ್ರಾಚಾರ್ಯರ ಹೆಸರನ್ನು ಬರೆದು ಪಾಸ್‌ವರ್ಡು ಬಿಟ್ಟವನು ಪ್ರಾಚಾರ್ಯನೇ ಆಗಿಬಿಡುತ್ತಾನೆ! ಆದ್ದರಿಂದ ಇಂತಹ ಪ್ರವೇಶವನ್ನು ಡೈರೆಕ್ಟರಿಗಳು ತಾವಾಗಿಯೇ ನಿರಾಕರಿಸತಕ್ಕದ್ದೆಂದು 2006ರ ನಿಯಮಪತ್ರ ಹೇಳುತ್ತದೆ. ಓಪನ್‌ಎಲ್‌ಡ್ಯಾಪ್ ಹಾಗೆಯೇ ನಡೆಯುತ್ತದೆ. ಆದರೂ ಪ್ರತಿಯೊಂದು ಸರ್ವರಿನಲ್ಲಿಯೂ ಖಾಲಿ ಪಾಸ್‌ವರ್ಡನ್ನು ಮೊದಲೇ ತಡೆಯಬೇಕು. ನಾನು ಅದನ್ನು ಪರೀಕ್ಷೆಯ ಮೊದಲ ಅಂಶವನ್ನಾಗಿ ಬರೆದುಕೊಂಡಿದ್ದೇನೆ.

ಹಿರಿಯರು: ಇಲ್ಲಿಯವರೆಗೆ ತಿಳಿಯಿತು. ಆಗಲೇ ನೀನು ವೃಕ್ಷವೆಂದೆ, ಪೂರ್ಣನಾಮವೆಂದೆ. ಅದೇನು?

ಕಿರಿಯ: ಡೈರೆಕ್ಟರಿಯಲ್ಲಿ ಪ್ರತಿಯೊಂದು ದಾಖಲೆಗೂ ಒಂದು ಸ್ಥಾನವುಂಟು, ಬುಡದಿಂದ ಆ ಸ್ಥಾನದವರೆಗಿನ ದಾರಿಯೇ ಅದರ ಪೂರ್ಣನಾಮ. ಎಕ್ಸ್.500 ಕಲ್ಪಿಸಿದವರ ಮನಸ್ಸಿನಲ್ಲಿ ಬುಡದಲ್ಲಿ ದೇಶ, ಆಮೇಲೆ ರಾಜ್ಯ, ಆಮೇಲೆ ಊರು, ಆಮೇಲೆ ಸಂಸ್ಥೆ, ಅದರೊಳಗೆ ವಿಭಾಗ, ಕಟ್ಟಕಡೆಗೆ ವ್ಯಕ್ತಿ. ನೋಡಲು ಬಹು ಸುಂದರವಾದ ವ್ಯವಸ್ಥೆ. ನಾನೂ ಅದೇ ಕ್ರಮದಲ್ಲಿ, ಲಾತೂರ ಶಾಖೆ, ಉಮರಗಾ ಶಾಖೆ, ಉದಗೀರ ಶಾಖೆ ಎಂದು ಕೊಂಬೆಗಳನ್ನು ಮಾಡಿ, ಕೊಂಬೆಯ ಕೆಳಗೆ ವಿಭಾಗಗಳನ್ನೂ ವಿಭಾಗದ ಕೆಳಗೆ ಜನರನ್ನೂ ಇಡಬೇಕೆಂದು ಒಬ್ಬ ಸ್ನೇಹಿತನ ಸಲಹೆಯಿದೆ.

ಹಿರಿಯರು: ಆ ಸ್ನೇಹಿತನು ಗಡಿನಾಡಿನವನಲ್ಲ.

ಕಿರಿಯ: ಅಲ್ಲ, ಪುಣೆಯವನು. ಹೇಗೆ ತಿಳಿದಿರಿ?

ಹಿರಿಯರು: ಕೇಳು. 1956ರ ಅಕ್ಟೋಬರ್ 31ರ ರಾತ್ರಿ ನಮ್ಮ ನಿಲಂಗಾ ತಾಲೂಕು ಮಲಗಿದ್ದು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿ. ಬೆಳಗಾಗಿ ಎದ್ದದ್ದು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಯಲ್ಲಿ. ಉದಗೀರ, ಅಹಮದಪೂರ ತಾಲೂಕುಗಳ ಗತಿಯೂ ಅದೇ. ಬೀದರ ಆ ಕಡೆ ಮೈಸೂರು ರಾಜ್ಯವನ್ನು ಸೇರಿತು. 1960ರ ಮೇ 1ಕ್ಕೆ ಮುಂಬಯಿ ರಾಜ್ಯವೂ ಹೋಗಿ ಮಹಾರಾಷ್ಟ್ರವಾಯಿತು. 1982ರ ಆಗಸ್ಟಿನಲ್ಲಿ ಉಸ್ಮಾನಾಬಾದವನ್ನು ಒಡೆದು ಲಾತೂರ ಜಿಲ್ಲೆಯನ್ನು ಮಾಡಿದರು. ನಿಲಂಗಾ, ಉದಗೀರ ಅದರೊಳಗೆ ಬಂದವು, ಉಮರಗಾ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಉಳಿದರೇನು? 2023ರಲ್ಲಿ ಆ ಜಿಲ್ಲೆಯ ಹೆಸರೇ ಧಾರಾಶಿವ ಎಂದಾಯಿತು. ಇಷ್ಟರಲ್ಲಿ ನಮ್ಮ ಅಜ್ಜನ ಹೊಲ ಒಂದು ಗೇಣೂ ಅತ್ತಿತ್ತ ಸರಿಯಲಿಲ್ಲ. ಬಾಂದಿನ ಕಲ್ಲೂ ಅದೇ, ಬೇವಿನ ಮರವೂ ಅದೇ. ಆದರೆ ಆ ಹೊಲದ ಕಾಗದವನ್ನು ಹುಡುಕಬೇಕೆಂದರೆ ಒಂದು ಕಾಲದ್ದು ಬೀದರದಲ್ಲಿ, ಒಂದು ಕಾಲದ್ದು ಉಸ್ಮಾನಾಬಾದದಲ್ಲಿ, ಒಂದು ಕಾಲದ್ದು ಲಾತೂರದಲ್ಲಿ. ನಿನ್ನ ವೃಕ್ಷದಲ್ಲಿ ಮನುಷ್ಯನ ಪೂರ್ಣನಾಮವನ್ನು ಅವನ ಠಾವಿನ ಮೇಲೆ ಕಟ್ಟಿದೆಯಾದರೆ, ಠಾವು ಬದಲಾದ ದಿನ ಅವನ ಹೆಸರೂ ಬದಲಾಗಬೇಕಾಗುತ್ತದೆ. ಭೌತಶಾಸ್ತ್ರದ ಪ್ರಾಧ್ಯಾಪಕನನ್ನು ಉದಗೀರದಿಂದ ಉಮರಗಾಕ್ಕೆ ವರ್ಗಾಯಿಸಿದರೆ ಅವನು ನಿನ್ನ ದಫ್ತರದಲ್ಲಿ ಬೇರೊಬ್ಬನಾಗುತ್ತಾನೆ.

ಕಿರಿಯ: ಅದರಿಂದ ಇನ್ನೂ ಒಂದು ಅನರ್ಥವಿದೆ. ‘ಪರೀಕ್ಷಾ ಸಮಿತಿ’, ‘ಗ್ರಂಥಾಲಯ ಸಿಬ್ಬಂದಿ’ ಎಂಬ ಗುಂಪುಗಳಲ್ಲಿ ಸದಸ್ಯರನ್ನು ಬರೆಯುವುದು ಅವರ ಪೂರ್ಣನಾಮದಿಂದಲೇ. ಪೂರ್ಣನಾಮ ಬದಲಾದರೆ ಗುಂಪಿನಲ್ಲಿ ಹಳೆಯ ಹೆಸರು ಉಳಿದು, ಮನುಷ್ಯನಿಗೆ ಇದ್ದ ಅಧಿಕಾರಗಳೆಲ್ಲ ಒಂದೇ ದಿನ ಕಳಚಿ ಬೀಳುತ್ತವೆ. ಹೆಸರು ಬದಲಾದಾಗ ಗುಂಪುಗಳನ್ನೂ ತಾನಾಗಿ ತಿದ್ದುವ ಒಂದು ಉಪಾಂಗವನ್ನು ಓಪನ್‌ಎಲ್‌ಡ್ಯಾಪಿಗೆ ಜೋಡಿಸಬಹುದು. ಆದರೆ ರೋಗವನ್ನು ತರಿಸಿಕೊಂಡು ಔಷಧ ಕುಡಿಯುವುದಕ್ಕಿಂತ ರೋಗವೇ ಬಾರದಂತೆ ಮಾಡುವುದು ಮೇಲೆಂದು ನನ್ನ ಅಭಿಪ್ರಾಯ. ಆದ್ದರಿಂದ ನಾನು ಸಮಸ್ತರನ್ನೂ ಒಂದೇ ಕೊಂಬೆಯ ಕೆಳಗೆ ಸಾಲಾಗಿ ಇಡುತ್ತೇನೆ. ಶಾಖೆ, ವಿಭಾಗ, ಹುದ್ದೆ ಇವೆಲ್ಲ ದಾಖಲೆಯ ಒಳಗಿನ ಅಂಶಗಳು. ಇಂದು ಉದಗೀರ ಎಂದಿರುವುದನ್ನು ನಾಳೆ ಉಮರಗಾ ಎಂದು ತಿದ್ದಿದರೆ ಮುಗಿಯಿತು. ಬುಡದಲ್ಲಿಯೂ ದೇಶ-ರಾಜ್ಯಗಳಿಲ್ಲ, ಸಂಸ್ಥೆಯ ಇಂಟರ್ನೆಟ್ ವಿಳಾಸದ ಭಾಗಗಳನ್ನೇ ಬುಡವಾಗಿ ಮಾಡಿಕೊಳ್ಳುವ ಪದ್ಧತಿ 1998ರಿಂದ ನಿಯಮಬದ್ಧವಾಗಿದೆ. ಅಲ್ಲದೆ ಪ್ರತಿಯೊಂದು ದಾಖಲೆಗೂ ಹುಟ್ಟಿದ ಕ್ಷಣದಲ್ಲಿಯೇ ಡೈರೆಕ್ಟರಿ ತಾನಾಗಿ ಒಂದು ಉದ್ದನೆಯ ಸಂಖ್ಯೆಯನ್ನು ಅಂಟಿಸುತ್ತದೆ. ಹೆಸರು ಬದಲಾದರೂ ಸ್ಥಾನ ಬದಲಾದರೂ ಅದು ಬದಲಾಗದು. ಗ್ರಂಥಾಲಯದ ಸರ್ವರು ಯಾರು ಯಾವ ಪುಸ್ತಕ ಒಯ್ದರೆಂಬುದನ್ನು ಆ ಸಂಖ್ಯೆಯ ಎದುರಿಗೆ ಬರೆದುಕೊಳ್ಳಬೇಕೆಂದು ನಾನು ಹೇಳಿದ್ದೇನೆ.

ಹಿರಿಯರು: ಬಳಕೆದಾರನು ಬರೆಯತಕ್ಕ ಹೆಸರು ಯಾವುದು? ಈ ಸೀಮೆಯಲ್ಲಿ ಪಾಟೀಲರೂ ಬಿರಾದಾರರೂ ಎಷ್ಟು ಜನರೆಂದು ಬಲ್ಲೆಯಷ್ಟೆ.

ಕಿರಿಯ: ಅದಕ್ಕಾಗಿಯೇ ಹೆಸರನ್ನು ಬಿಟ್ಟು ನೌಕರಿಯ ಕ್ರಮಾಂಕವನ್ನು ಇಟ್ಟಿದ್ದೇನೆ, ಒಬ್ಬರು ಬಿಟ್ಟುಹೋದ ಮೇಲೆ ಆ ಕ್ರಮಾಂಕವನ್ನು ಇನ್ನೊಬ್ಬರಿಗೆ ಕೊಡಕೂಡದು. ಜನರ ಹೆಸರು ಬೇಡವೆಂದಲ್ಲ. 1997ರ ಮೂರನೆಯ ಆವೃತ್ತಿಯಿಂದ ಎಲ್‌ಡ್ಯಾಪಿನಲ್ಲಿ ಲೋಕದ ಎಲ್ಲ ಲಿಪಿಗಳೂ ಸಲ್ಲುತ್ತವೆ. ಅಷ್ಟೇ ಅಲ್ಲ, ಒಂದೇ ಹೆಸರಿನ ಅಂಶಕ್ಕೆ ಭಾಷೆಯ ಗುರುತನ್ನು ಹಚ್ಚಿ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಎಂದು ಎರಡು ರೂಪಗಳನ್ನು ಇಡುವ ಅವಕಾಶವೂ ಇದೆ. ಅಂಕಪಟ್ಟಿ ಮರಾಠಿಯ ರೂಪವನ್ನು ತೆಗೆದುಕೊಳ್ಳಲಿ, ಕನ್ನಡ ವಿಭಾಗದ ಪ್ರಮಾಣಪತ್ರ ಕನ್ನಡದ್ದನ್ನು ತೆಗೆದುಕೊಳ್ಳಲಿ, ಮನುಷ್ಯ ಒಬ್ಬನೇ.

ಹಿರಿಯರು: ನಮ್ಮಪ್ಪನ ಹೆಸರು ಉರ್ದುವಿನಲ್ಲಿ ಒಂದು ರೀತಿ, ಮರಾಠಿಯಲ್ಲಿ ಇನ್ನೊಂದು ರೀತಿ ಬರೆದದ್ದರಿಂದ, ಇಬ್ಬರೂ ಒಬ್ಬರೇ ಎಂದು ಸಾಕ್ಷಿ ತರಬೇಕಾಯಿತು. ಈ ಭಾಷೆಯ ಗುರುತು ಆಗ ಇದ್ದಿದ್ದರೆ!

ಕಿರಿಯ: ಲಿಪಿ ಒಂದೇ ಆದರೂ ತೊಡಕು ತಪ್ಪದು, ಕಾಕಾ. ಕನ್ನಡದ ‘ಕೊ’ ಎಂಬ ಅಕ್ಷರದ ಒತ್ವವನ್ನು ಗಣಕದೊಳಗೆ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವುದಕ್ಕೆ ಮುಂಚೆ ಇಂತಹವನ್ನು ಏಕರೂಪಕ್ಕೆ ತರಬೇಕೆಂದು ಡೈರೆಕ್ಟರಿಯ ನಿಯಮವಿದೆ. ಸಾಧಾರಣವಾಗಿ ಡೇಟಾಬೇಸಿನ ಕೋಷ್ಟಕಗಳಲ್ಲಿ ಅಂತಹ ನಿಯಮವನ್ನು ನಾವೇ ನೆನಪಿಟ್ಟು ಹಾಕಬೇಕು. ಹಾಕಿದವರನ್ನು ನಾನು ವಿರಳವಾಗಿ ಕಂಡಿದ್ದೇನೆ.

ಹಿರಿಯರು: ಈಗ ನನ್ನ ದೊಡ್ಡ ಸಂಶಯ. ದಫ್ತರ ಒಂದೇ ಆಯಿತು. ಅದನ್ನಿಟ್ಟ ಊರಿನಲ್ಲಿ ಲೋಡ್‌ಶೆಡ್ಡಿಂಗ್ ಆದರೆ, ಅಥವಾ ರಸ್ತೆ ಅಗೆಯುವ ಜೆಸಿಬಿಯವನು ಕೇಬಲ್ ಕಡಿದರೆ, ಐದು ಸರ್ವರುಗಳೂ ಒಟ್ಟಿಗೆ ಮೂಕವಾಗುವುದಿಲ್ಲವೆ? ಮೊದಲು ಒಂದು ಕೆಟ್ಟರೆ ನಾಲ್ಕು ನಡೆಯುತ್ತಿದ್ದವು.

ಕಿರಿಯ: ಸಂಶಯ ಯುಕ್ತವಾದದ್ದೇ. ಮೂಲ ಡೈರೆಕ್ಟರಿಯನ್ನು ಲಾತೂರದಲ್ಲಿ ಇಟ್ಟು, ಅದರ ಜೀವಂತ ಪ್ರತಿಯೊಂದನ್ನು ಉಳಿದ ಎರಡೂ ಊರುಗಳಲ್ಲಿ ಇಡುತ್ತೇನೆ. ಮೂಲದಲ್ಲಿ ಆದ ತಿದ್ದುಪಡಿ ತಂತಾನೇ ಪ್ರತಿಗಳಿಗೆ ಹರಿದುಹೋಗುತ್ತದೆ. ಸಂಪರ್ಕ ಕಡಿದಿದ್ದರೆ, ಮರಳಿ ಬಂದಾಗ ತಪ್ಪಿದ್ದಷ್ಟನ್ನು ಕೇಳಿ ತುಂಬಿಕೊಳ್ಳುತ್ತದೆ. ಓದುವುದು ಯಾವ ಪ್ರತಿಯಿಂದಲೂ ಆಗಬಹುದು, ಬರೆಯುವುದು ಮೂಲದಲ್ಲಿ ಮಾತ್ರ. ಅಪಾಚೆಗೆ ಡೈರೆಕ್ಟರಿಯ ವಿಳಾಸ ಹೇಳುವಾಗ ಒಂದರ ಬದಲು ಎರಡು ಮೂರು ಯಂತ್ರಗಳ ಹೆಸರನ್ನು ಸಾಲಾಗಿ ಕೊಟ್ಟರೆ, ಮೊದಲನೆಯದು ಸಿಕ್ಕದಿದ್ದಾಗ ಎರಡನೆಯದನ್ನು ಕೇಳುತ್ತದೆ. ಹಾಸ್ಟೆಲಿನ ಸರ್ವರಿನಲ್ಲಿರುವುದು ಅಪಾಚೆಯಲ್ಲ, ಎನ್‌ಜಿನ್‌ಎಕ್ಸ್. ಅದಕ್ಕೆ ಎಲ್‌ಡ್ಯಾಪ್ ಹುಟ್ಟಿನಿಂದ ಬಾರದು. ಅದರ ಪಕ್ಕದಲ್ಲಿ ಒಂದು ಸಣ್ಣ ಸೇವೆಯನ್ನು ನಿಲ್ಲಿಸಿ, ಪ್ರತಿಯೊಂದು ಕೋರಿಕೆಯನ್ನೂ ಮೊದಲು ಅದರ ಮುಂದೆ ಕಳಿಸಿ ಒಪ್ಪಿಗೆ ತರುವಂತೆ ಮಾಡಬೇಕು.

ಹಿರಿಯರು: ಒಬ್ಬನನ್ನು ಮೂಲದಲ್ಲಿ ತೆಗೆದುಹಾಕಿದೆವೆನ್ನು. ಆ ಕ್ಷಣಕ್ಕೇ ಎಲ್ಲೆಡೆಯೂ ಅವನ ಪ್ರವೇಶ ನಿಂತಿತೆ?

ಕಿರಿಯ: ಆ ಕ್ಷಣಕ್ಕೇ ಎಂದರೆ ಸುಳ್ಳಾದೀತು. ಪ್ರತಿಯೊಂದು ಪುಟಕ್ಕೂ ಡೈರೆಕ್ಟರಿಯನ್ನು ಕೇಳುತ್ತ ಹೋದರೆ ಅದು ಬಸವಳಿಯುವುದೆಂದು, ಅಪಾಚೆಯು ಒಮ್ಮೆ ದೊರೆತ ಉತ್ತರವನ್ನು ತನ್ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ನಾವು ಬೇರೆ ಹೇಳದಿದ್ದರೆ ಆ ನೆನಪಿನ ಅವಧಿ 600 ಸೆಕೆಂಡು. ಅಂದರೆ ತೆಗೆದುಹಾಕಿದ ಮೇಲೆಯೂ ಹತ್ತು ನಿಮಿಷದವರೆಗೆ ಹಳೆಯ ಪಾಸ್‌ವರ್ಡು ನಡೆಯಬಹುದು. ಗ್ರಂಥಾಲಯಕ್ಕೆ ಹತ್ತು ನಿಮಿಷ ದೊಡ್ಡದಲ್ಲ. ಅಂಕಗಳ ಸರ್ವರಿಗೆ ದೊಡ್ಡದು. ಅಲ್ಲಿ ಅವಧಿಯನ್ನು ಕುಗ್ಗಿಸುತ್ತೇನೆ.

ಹಿರಿಯರು: ಸರ್ವರಿನಿಂದ ಡೈರೆಕ್ಟರಿಯವರೆಗೆ ಪಾಸ್‌ವರ್ಡು ತಂತಿಯ ಮೇಲೆ ಹೋಗುತ್ತದಲ್ಲ, ನಡುವೆ ಕುಳಿತವನು ಓದಿದರೆ?

ಕಿರಿಯ: ಎಲ್‌ಡ್ಯಾಪಿನ 389ನೆಯ ಪೋರ್ಟಿನಲ್ಲಿ ಮಾತು ಬಯಲಾಗಿಯೇ ಹೋಗುತ್ತದೆ, ಆದ್ದರಿಂದ ಮೊದಲ ಮಾತಿಗೇ ಟಿಎಲ್‌ಎಸ್ ಗೂಢಲಿಪಿಯನ್ನು ತೊಡಿಸಬೇಕು, ಇಲ್ಲವೆ ಆರಂಭದಿಂದಲೇ ಗೂಢವಾಗಿರುವ 636ನೆಯದನ್ನು ಬಳಸಬೇಕು. ಅಷ್ಟೇ ಸಾಲದು, ಎದುರಿಗಿರುವುದು ನಮ್ಮ ಡೈರೆಕ್ಟರಿಯೇ ಎಂಬುದಕ್ಕೆ ಅದರ ಪ್ರಮಾಣಪತ್ರವನ್ನು ಸರ್ವರು ಪರಿಶೀಲಿಸಬೇಕು. ಪ್ರಮಾಣಪತ್ರದ ಅವಧಿ ಮುಗಿದು ಕೆಲಸ ನಿಂತಾಗ, ‘ಪರಿಶೀಲನೆ ಬೇಡ’ ಎಂಬ ಒಂದು ಸಾಲನ್ನು ಬರೆದು ತಾತ್ಕಾಲಿಕವಾಗಿ ನಡೆಸಿ, ಆ ತಾತ್ಕಾಲಿಕವನ್ನು ವರ್ಷಗಟ್ಟಲೆ ಹಾಗೆಯೇ ಬಿಡುವವರು ಬಹಳ.

ಹಿರಿಯರು: ತಾತ್ಕಾಲಿಕವೆಂಬುದರ ಆಯುಷ್ಯವನ್ನು ಸರಕಾರಿ ನೌಕರನಿಗೆ ನೀನು ಹೇಳಬೇಕಾಗಿಲ್ಲ. ಇರಲಿ, ಡೈರೆಕ್ಟರಿ ಈತನು ಇಂಥವನೆಂದು ಹೇಳಿತು. ಈತನು ಅಂಕ ತಿದ್ದಬಹುದೆಂದು ಹೇಳುವವರು ಯಾರು?

ಕಿರಿಯ: ಅದನ್ನು ನಾನು ಬೇಕೆಂದೇ ಬೇರೆ ಇಟ್ಟಿದ್ದೇನೆ. ಯಾರೆಂಬುದು ಡೈರೆಕ್ಟರಿಗೆ ಸೇರಿದ ಪ್ರಶ್ನೆ. ಏನು ಮಾಡಬಹುದೆಂಬುದು ಆಯಾ ಸರ್ವರಿಗೆ ಸೇರಿದ್ದು. ಡೈರೆಕ್ಟರಿಯಲ್ಲಿ ಗುಂಪುಗಳಿವೆ, ‘ಈ ಗುಂಪಿನವರಿಗೆ ಮಾತ್ರ’ ಎಂಬ ಸಾಲನ್ನು ಪ್ರತಿಯೊಂದು ಸರ್ವರೂ ತನ್ನಲ್ಲಿ ಬರೆದುಕೊಳ್ಳಬೇಕು. ಹೆಸರು ಇದ್ದ ಮಾತ್ರಕ್ಕೆ ಎಲ್ಲವೂ ತೆರೆದುಕೊಂಡರೆ ಒಂದೇ ದಫ್ತರದ ಹಿತವೆಲ್ಲ ವಿಷವಾಗುತ್ತದೆ.

ಹಿರಿಯರು: ಇದರಲ್ಲಿ ನನಗೊಂದು ಮಾತಿದೆ. ಗಡಿಯಾಚೆ ಬಸವಕಲ್ಯಾಣದಲ್ಲಿ ನಮ್ಮ ಬೀಗರ ಪಹಣಿ ತರಲು ಅವರ ಜೊತೆ ತಹಸೀಲ ಕಚೇರಿಗೆ ಹೋಗಿದ್ದೆ. ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯನ್ನು 177 ತಾಲೂಕುಗಳಲ್ಲಿ ಹರಡಿ, ಹದಿನೈದು ರೂಪಾಯಿಗೆ ಪಹಣಿಯ ನಕಲನ್ನು ಕಿಟಕಿಯಲ್ಲಿ ಕೊಡಲು ತೊಡಗಿದ ಕಾಲವದು. ನಾನು ನೋಡಿದ್ದು ಪಹಣಿಯನ್ನಲ್ಲ. ಒಳಗಿನ ನೌಕರನು ಯಂತ್ರವನ್ನು ತೆರೆಯುವುದಕ್ಕೆ ಬೆರಳೊತ್ತಿದ್ದನ್ನು. ದಾಖಲೆ ತಿದ್ದುವವನು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ನಾಳೆ, ‘ನಾನಲ್ಲ, ನನ್ನ ಪಾಸ್‌ವರ್ಡು ಕದ್ದವನು’ ಎನ್ನುವ ಹಾಗಿಲ್ಲ. ಅದನ್ನು ಮಾಡಿದವರು ಕಚೇರಿಯ ಮನುಷ್ಯರನ್ನು ಬಲ್ಲವರು. ನಿನ್ನ ಪಾಸ್‌ವರ್ಡೋ, ಸಾಹೇಬರದ್ದು ಕಾರಕೂನನಿಗೆ ಬಾಯಿಪಾಠ.

ಕಿರಿಯ: ಒಪ್ಪುತ್ತೇನೆ. ಪಾಸ್‌ವರ್ಡು ಯಾರದೆಂದು ಡೈರೆಕ್ಟರಿ ಹೇಳಬಲ್ಲುದು. ಅದನ್ನು ಬರೆದವನಾರೆಂದು ಹೇಳಲಾರದು. ಅಂಕಗಳ ಸರ್ವರಿಗೆ ಮೊಬೈಲಿನಲ್ಲಿ ಬರುವ ಅಂಕಿಯನ್ನೂ ಕೇಳುವಂತೆ ಮಾಡಬೇಕೆಂದಿದ್ದೇನೆ. ಅಲ್ಲದೆ ಒಂದು ಲಾಭವನ್ನು ನೀವು ಗಮನಿಸಿಲ್ಲ: ಅದೇ ಪಾಸ್‌ವರ್ಡಿನಿಂದ ತನ್ನ ಪಗಾರಚೀಟಿಯೂ ತೆರೆಯುವುದೆಂದು ತಿಳಿದಾಗ ಸಾಹೇಬರು ಅದನ್ನು ಹೇಳಿಕೊಡಲು ಹಿಂಜರಿಯುತ್ತಾರೆ.

ಹಿರಿಯರು: ಹಿಂಜರಿಯುವವರೆಗೆ ಸರಿ. ಹೇಳಿಕೊಟ್ಟೇಬಿಟ್ಟರೆ? ಮೊದಲು ಗ್ರಂಥಾಲಯದ್ದಷ್ಟೇ ಹೋಗುತ್ತಿತ್ತು, ಈಗ ಸರ್ವಸ್ವವೂ ಹೋಯಿತು. ಅದಿರಲಿ, ಇನ್ನೊಂದು. ಬಳಕೆದಾರನು ಪಾಸ್‌ವರ್ಡನ್ನು ಮೊದಲು ಒಪ್ಪಿಸುವುದು ವೆಬ್ ಸರ್ವರಿನ ಕೈಗೆ ಎಂದೆ. ಹಾಸ್ಟೆಲಿನ ಆ ಹಳೆಯ ಸರ್ವರು, ಅದರ ಬೀಗ ಸರಿಯಿಲ್ಲವೆಂದು ನೀನೇ ಹೇಳುತ್ತಿದ್ದೆ, ಅದರಲ್ಲಿ ಒಬ್ಬ ದುಷ್ಟನು ಕುಳಿತು ಬಂದವರ ಪಾಸ್‌ವರ್ಡನ್ನು ಬರೆದುಕೊಳ್ಳುತ್ತ ಹೋದರೆ, ಅವೇ ಪಾಸ್‌ವರ್ಡುಗಳಿಂದ ಅಂಕಗಳ ಸರ್ವರನ್ನು ಹೊಗುವುದಿಲ್ಲವೆ?

ಕಿರಿಯ: ಹೊಗುತ್ತಾನೆ. ಈ ವಿಧಾನದ ನಿಜವಾದ ಕೊರತೆ ಇದೇ. ಸರ್ವರುಗಳಲ್ಲಿ ಅತ್ಯಂತ ದುರ್ಬಲವಾದದ್ದರ ಬಲವೇ ಎಲ್ಲದರ ಬಲವಾಗುತ್ತದೆ. ಇದಕ್ಕೆ ಪರಿಹಾರವಿದೆ. ಪಾಸ್‌ವರ್ಡನ್ನು ಕೇಳುವ ಅಧಿಕಾರವನ್ನು ಒಂದೇ ಒಂದು ಲಾಗಿನ್ ಸರ್ವರಿಗೆ ಕೊಟ್ಟು, ಉಳಿದವು ಬಂದವನನ್ನು ಅಲ್ಲಿಗೆ ಕಳಿಸಿ, ಅದು ಸಹಿ ಮಾಡಿ ಕೊಟ್ಟ ಚೀಟಿಯನ್ನಷ್ಟೇ ನೋಡಿ ಒಳಗೆ ಬಿಡುವುದು. ಯೇಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಎಎಸ್, ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ಶಿಬೊಲೆತ್ ಇವೆಲ್ಲ ಆ ಜಾತಿಯವು. ಅವುಗಳ ಹಿಂದೆಯೂ ಕಟ್ಟಕಡೆಗೆ ಇದೇ ಡೈರೆಕ್ಟರಿಯೇ ಇರುತ್ತದೆ. ಎಲ್ಲ ಕಡೆ ಒಂದೇ ಪಾಸ್‌ವರ್ಡು ಎಂಬುದು ಒಂದು ಘಟ್ಟ, ಒಂದೇ ಸಲ ಪಾಸ್‌ವರ್ಡು ಎಂಬುದು ಮುಂದಿನ ಘಟ್ಟ. ಸಂಸ್ಥೆಯವರು ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಮೊದಲನೆಯದಕ್ಕೆ ಹಣ ಮಂಜೂರು ಮಾಡಿ ಎರಡನೆಯದನ್ನು ನಿರೀಕ್ಷಿಸುತ್ತಿದ್ದಾರೆ. ಎರಡನೆಯದು ಆಗುವವರೆಗೆ ಹಾಸ್ಟೆಲಿನ ಸರ್ವರನ್ನು ಡೈರೆಕ್ಟರಿಗೆ ಜೋಡಿಸುವುದಿಲ್ಲವೆಂದು ಅವರಿಗೆ ಬರೆದುಕೊಡುತ್ತೇನೆ.

ಹಿರಿಯರು: ಬರೆದೇ ಕೊಡು, ಬಾಯಿಮಾತಿನಲ್ಲಿ ಹೇಳಬೇಡ. ಕಡೆಯ ಪ್ರಶ್ನೆ: ಈ ದಫ್ತರದಲ್ಲಿ ಹೆಸರು ಸೇರಿಸುವವರು, ತೆಗೆಯುವವರು ಯಾರು? ನೀನೇ?

ಕಿರಿಯ: ಸದ್ಯಕ್ಕೆ ನಾನೇ. ಯಾರಾದರೂ ಬಂದು ಹೇಳಿದರೆ ಸೇರಿಸುತ್ತೇನೆ.

ಹಿರಿಯರು: ಬಿಟ್ಟುಹೋದರೆ ಯಾರು ಬಂದು ಹೇಳುತ್ತಾರೆ?

ಕಿರಿಯ: ಯಾರೂ ಹೇಳುವುದಿಲ್ಲ.

ಹಿರಿಯರು: ಸೇರುವವನಿಗೆ ಕೆಲಸವಾಗಬೇಕಾಗಿರುತ್ತದೆ, ಅವನೇ ಬಂದು ಕಾಡುತ್ತಾನೆ, ಹೋಗುವವನಿಗೆ ನಿನ್ನಿಂದ ಆಗಬೇಕಾದ್ದೇನೂ ಇಲ್ಲ. ಸಾತ್‌ಬಾರಾ ಎಂಬ ಹೊಲದ ದಾಖಲೆಯಲ್ಲಿ ಸತ್ತವರ ಹೆಸರುಗಳು ಉಳಿದುಕೊಂಡು ಬಂದದ್ದು ಇದೇ ಕಾರಣದಿಂದ. ನಮ್ಮ ಮಷಿಯದಾಗಲಿ ಲೇಖನಿಯದಾಗಲಿ ಅದರಲ್ಲಿ ತಪ್ಪಿರಲಿಲ್ಲ. ಐದು ದಫ್ತರಗಳನ್ನು ಒಂದು ಮಾಡಿದೆ. ಆ ಒಂದರಲ್ಲಿಯೇ ಬಿಟ್ಟುಹೋದವನ ಹೆಸರು ಉಳಿದರೆ, ಮೊದಲು ಒಂದು ಕಡೆ ಇದ್ದ ತಪ್ಪು ಈಗ ಐದೂ ಕಡೆ ನಡೆಯುತ್ತದೆ. ಫೇರ್‌ಫಾರವನ್ನು ತಲಾಠಿ ಬರೆಯುತ್ತಾನೆ, ಮಂಜೂರು ಮಾಡುವ ಅಧಿಕಾರಿ ಬೇರೆ ಇರುತ್ತಾನೆ. ಹಾಗೆಯೇ ನೌಕರಿಗೆ ಸೇರಿದವರ, ವರ್ಗವಾದವರ, ಬಿಟ್ಟವರ, ತೀರಿಕೊಂಡವರ ಪಟ್ಟಿಯನ್ನು ಪ್ರತಿ ತಿಂಗಳು ಪಗಾರ ಮಾಡುವ ಮುಂಚೆ ಸಿಬ್ಬಂದಿಯ ಲೆಕ್ಕವಿಡುವ ಆಸ್ಥಾಪನಾ ವಿಭಾಗದವರು ಸಹಿ ಮಾಡಿ ನಿನಗೆ ಕೊಡಬೇಕು, ನೀನು ಅದರಂತೆ ಬರೆಯಬೇಕು. ಅಂತಹ ಠರಾವು ಸಂಸ್ಥೆಯ ಪುಸ್ತಕದಲ್ಲಿ ಏರುವವರೆಗೆ ಒಂದು ಸರ್ವರನ್ನೂ ಜೋಡಿಸಬೇಡ.